ಕಾಲು ಜಾರಲಿಲ್ಲ ಸ್ವಾಮಿ, ಡೆಕ್ಕೇ ಜಾರಿಸಿತು

ಬೆಳ್ಳಟ್ಟಿಯವನಿಗೂ ಸಮುದ್ರದ ಬೋಟಿಗೂ ಎಲ್ಲಿಂದೆಲ್ಲಿಯ ಸಂಬಂಧ ಮಾರಾಯಾ ಅಂತ ನೀವು ಕೇಳುವುದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಮ್ಮೂರು ಶಿರಹಟ್ಟಿ ತಾಲೂಕಿನ ಬಯಲುಸೀಮೆ. ದೋಣಿ ನೋಡಬೇಕೆಂದರೆ ದಕ್ಷಿಣಕ್ಕೆ ತುಂಗಭದ್ರೆಯ ದಂಡೆಯವರೆಗೆ ಹೋಗಬೇಕು. ಆದರೆ ನಮ್ಮ ಕಡೆಯ ಹುಡುಗರು ದುಡಿಮೆಗೆ ಹೋಗುವುದು ಬೆಂಗಳೂರಿಗೆ ಮಾತ್ರ ಅಲ್ಲ. ಗೋವಾಕ್ಕೆ ಹೋಗುತ್ತಾರೆ, ಮಂಗಳೂರಿಗೆ ಹೋಗುತ್ತಾರೆ, ಕೆಲವರು ಬಂದರಿನ ಬೋಟು ಹತ್ತುತ್ತಾರೆ. ಈಜು ಬಾರದವರೂ ಹತ್ತುತ್ತಾರೆ. ಹೊಟ್ಟೆಪಾಡು.

ಈಗ ವಿಷಯಕ್ಕೆ ಬರ್‍ತೀನಿ. ಪೇಪರಿನಲ್ಲಿ ಒಂದು ಸಾಲು ನೀವೆಲ್ಲ ಓದಿರುತ್ತೀರಿ. ಕರಾವಳಿ ಆವೃತ್ತಿಯಾದರೆ ಕಣ್ಣಿಗೆ ಇನ್ನೂ ಹೆಚ್ಚು ಬೀಳುತ್ತದೆ. ಕೆಲಸ ಮಾಡುತ್ತಿದ್ದಾಗ ಆಕಸ್ಮಿಕವಾಗಿ ಕಾಲು ಜಾರಿ ಸಮುದ್ರಕ್ಕೆ ಬಿದ್ದ ಅಂತ. ಮೂರ್ನಾಲ್ಕು ಸಾಲಿನ ಸುದ್ದಿ. ಊರಿನ ಹೆಸರು, ವಯಸ್ಸು, ಠಾಣೆ, ಮುಗೀತು. ನನ್ನ ಜಗಳ ಇರುವುದು ಆ ವಾಕ್ಯದ ವ್ಯಾಕರಣದ ಜೊತೆ.

ಗಮನಿಸಿ ನೋಡಿ. ಆ ವಾಕ್ಯದಲ್ಲಿ ಜಾರುವುದು ಕಾಲು. ತಪ್ಪೇನಿದ್ದರೂ ಕಾಲಿನದು, ಇಲ್ಲವಾದರೆ 'ಆಕಸ್ಮಿಕ'ದ್ದು. ಆ ಕಾಲಿನ ಕೆಳಗೆ ಏನಿತ್ತು ಅಂತ ಪೇಪರಿನವರು ಬರೆಯುವುದಿಲ್ಲ, ಪೊಲೀಸರು ಕೇಳುವುದಿಲ್ಲ, ಓದುವ ನಾವೂ ಕೇಳುವುದಿಲ್ಲ. ಕನ್ನಡದಲ್ಲಿ 'ಕಾಲು ಜಾರುವುದು' ಅನ್ನುವುದಕ್ಕೆ ಇನ್ನೊಂದು ಅರ್ಥ ಇದೆಯಲ್ಲ, ಅದರ ವಾಸನೆಯೂ ಸ್ವಲ್ಪ ಇಲ್ಲಿಗೆ ಹತ್ತಿಕೊಂಡಿರುತ್ತದೆ. ಬಿದ್ದವನೇ ಸರಿ ಇರಲಿಲ್ಲ ಅನ್ನೋ ಹಾಗೆ!

ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನಂಥವರಿಗೆ ಈ ತಂತ್ರ ಚೆನ್ನಾಗಿ ಗೊತ್ತು. 'ಡಿಲೀಟ್' ಬಟನ್ನನ್ನೂ 'ಸೇವ್' ಬಟನ್ನನ್ನೂ ಅಕ್ಕಪಕ್ಕ ಒಂದೇ ಬಣ್ಣದಲ್ಲಿ ಇಟ್ಟು, ಯಾರಾದರೂ ತಪ್ಪಿ ಒತ್ತಿದರೆ 'ಯೂಸರ್ ಎರರ್' ಅಂತ ಬರೆದು ಟಿಕೆಟ್ ಮುಚ್ಚುವುದು. ಒಬ್ಬ ತಪ್ಪು ಒತ್ತಿದರೆ ಅವನ ತಪ್ಪು ಅಂತಲೇ ಇಟ್ಟುಕೊಳ್ಳೋಣ. ಬಂದವರೆಲ್ಲ ಅದನ್ನೇ ಒತ್ತುತ್ತಿದ್ದರೆ? ಅದು ಬಗ್ ಸ್ವಾಮಿ, ಡಿಸೈನ್ ಬಗ್. ಬೋಟಿನ ಡೆಕ್ ಮೇಲೆ ಜಾರದವನು ಯಾರಿದ್ದಾನೆ? ಇಪ್ಪತ್ತು ವರ್ಷ ಸಮುದ್ರ ಕಂಡ ತಾಂಡೇಲನೂ ಜಾರಿದವನೇ.

ನಮ್ಮೂರ ಹುಡುಗನೊಬ್ಬ ಒಂದು ಸೀಸನ್ ಬೋಟಿಗೆ ಹೋಗಿ ಬಂದ. ಮಣಿಕಟ್ಟು ಮುರಿದುಕೊಂಡು ಬಂದ. ವಿಂಚಿನ ಪಕ್ಕ ಬಿದ್ದನಂತೆ. ಹಗ್ಗ ಸುತ್ತುವ ಆ ಯಂತ್ರದ ಕಡೆಗೆ ಬೀಳದೆ ಈಚೆ ಕಡೆಗೆ ಬಿದ್ದದ್ದು ಅವನ ಅದೃಷ್ಟ. ಹೆಂಗಾತೋ ಅಂತ ಕೇಳಿದರೆ ನಗುತ್ತಲೇ ಹೇಳಿದ: "ಹೊಸಾ ಬಣ್ಣರೀ ಅಣ್ಣಾ. ನೋಡಾಕ ಕನ್ನಡಿ ಇದ್ದಂಗ ಇತ್ತು. ಮೀನ ಸುರುವಿದ ಮ್ಯಾಲೆ ನಿಂದ್ರಾಕ ಆಗಂಗಿಲ್ರೀ. ಹಳಬ್ರು ಅಂದ್ರು, ನಾಕ ಸಲ ಬಿದ್ದಮ್ಯಾಲೆ ರೂಢಿ ಆಕ್ಕೈತಿ ಅಂತ."

ಹೊಸ ಬಣ್ಣ! ಮುಖ್ಯವಾದ ಸಂಗತಿ ಅಲ್ಲೇ ಇದೆ. ಡೆಕ್ಕಿನ ನುಣುಪು ಸಮುದ್ರ ಕೊಟ್ಟದ್ದಲ್ಲ. ಮನುಷ್ಯರು ಪ್ರತಿ ವರ್ಷ ದುಡ್ಡು ಕೊಟ್ಟು, ಬ್ರಷ್ ಹಿಡಿದು, ಕೈಯಾರೆ ಮಾಡಿದ್ದು.

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಆಗ ಮಲ್ಪೆ, ಮಂಗಳೂರು, ಗಂಗೊಳ್ಳಿಯ ಬೋಟುಗಳೆಲ್ಲ ದಡ ಸೇರುತ್ತವೆ. ಎಂಜಿನ್ ಬಿಚ್ಚುವುದು, ಬಲೆ ಹೆಣೆಯುವುದು, ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು ಎಲ್ಲ ಈ ಎರಡು ತಿಂಗಳಲ್ಲೇ. ಆಗಸ್ಟಿನಲ್ಲಿ ಪೂಜೆ ಮಾಡಿ, ಹೂವಿನ ಹಾರ ಹಾಕಿ, ಹೊಚ್ಚ ಹೊಸದರ ಹಾಗೆ ಬೋಟು ನೀರಿಗಿಳಿಯುತ್ತದೆ. ನೋಡುವುದಕ್ಕೆ ಚೆಂದವೇ, ಇಲ್ಲ ಅನ್ನುವುದಿಲ್ಲ. ಮೂತಿಯ ಮೇಲೆ ದೇವರ ಹೆಸರು, ಒಳಗೆ ಹೋದರೆ ಜಾರುಬಂಡೆ.

ಆ ಎರಡು ತಿಂಗಳು ನಮ್ಮ ಹುಡುಗರು ಎಲ್ಲಿರುತ್ತಾರೆ ಗೊತ್ತಾ? ಬೆಳ್ಳಟ್ಟಿಯ ಹೊಲದಲ್ಲಿ! ಮುಂಗಾರಿನ ಬಿತ್ತನೆ ಟೈಮು. ಬೋಟಿಗೆ ರಜೆ, ಊರಲ್ಲಿ ಹೆಸರು, ಶೇಂಗಾ, ಮೆಕ್ಕೆಜೋಳ ಬಿತ್ತಬೇಕು. ಅಂದರೆ ವರ್ಷದ ಹತ್ತು ತಿಂಗಳು ಯಾವ ಪಾದಗಳು ಆ ಡೆಕ್ ಮೇಲೆ ನಿಲ್ಲಬೇಕೋ, ಡೆಕ್ಕಿಗೆ ಯಾವ ಬಣ್ಣ ಬಳಿಯಬೇಕು ಅಂತ ನಿರ್ಧಾರ ಆಗುವಾಗ ಆ ಪಾದಗಳು ನಾಲ್ಕು ಜಿಲ್ಲೆ ಆಚೆ ಎರೆಮಣ್ಣಿನಲ್ಲಿ ಹೂತಿರುತ್ತವೆ. ನಿರ್ಧಾರ ಮಾಡುವವರು ಮಾಲೀಕರು, ಬಣ್ಣದ ಅಂಗಡಿಯವರು, ಪೇಂಟರು. ಅವರ್‍ಯಾರೂ ನಡುರಾತ್ರಿ ಬಲೆ ಎಳೆಯುವುದಿಲ್ಲ. ಯಾರಿಗೆ ಬೀಳುವ ಅಪಾಯ ಇಲ್ಲವೋ ಅವರಿಗೆ ಮಿಂಚುವ ಡೆಕ್ ಚೆಂದ ಕಾಣುತ್ತದೆ. ಇಷ್ಟೇ ನನ್ನ ವಾದ. ಉಳಿದದ್ದೆಲ್ಲ ವಿವರ.

ವಿವರ ಬೇಡವಾದವರು ಒಂದೆರಡು ಪ್ಯಾರಾ ಹಾರಿಸಬಹುದು. ಆದರೆ ಇಂಜಿನಿಯರಿಂಗ್ ಓದಿದವನ ಬ್ಲಾಗಿಗೆ ಬಂದ ಮೇಲೆ ಸ್ವಲ್ಪ ಸಹಿಸಿಕೊಳ್ಳಬೇಕಪ್ಪ :)

ಓರೆಯಾದ ಹಲಗೆಯ ಮೇಲೆ ಒಂದು ವಸ್ತು ಜಾರದೆ ನಿಲ್ಲಬೇಕಾದರೆ ಘರ್ಷಣೆಯ ಗುಣಾಂಕ ಆ ಕೋನದ ಟ್ಯಾನ್‌ಗಿಂತ ಹೆಚ್ಚಿರಬೇಕು. ಪಿಯುಸಿಯಲ್ಲಿ ಓದಿದ್ದೇ. ಬೋಟು 15 ಡಿಗ್ರಿ ವಾಲಿದರೆ ಬೇಕಾದದ್ದು 0.27. 20 ಡಿಗ್ರಿ ವಾಲಿದರೆ 0.36. ಇದು ಸುಮ್ಮನೆ ನಿಂತವನ ಲೆಕ್ಕ. ಹಗ್ಗ ಎಳೆಯುವವನಿಗೆ, ಬುಟ್ಟಿ ಹೊತ್ತು ನಡೆಯುವವನಿಗೆ ಇನ್ನೂ ಹೆಚ್ಚು ಬೇಕು. ಒಣಗಿದ ನೆಲದಲ್ಲಿ ಇಷ್ಟು ಘರ್ಷಣೆ ಆರಾಮಾಗಿ ಸಿಗುತ್ತದೆ. ಆದರೆ ಒಣಗಿದ ಡೆಕ್ ಅಂತ ಒಂದು ಇದೆಯಾ? ಉಪ್ಪುನೀರು, ಕರಗಿದ ಐಸು, ಮೀನಿನ ಲೋಳೆ, ಡೀಸೆಲ್, ವಿಂಚಿನಿಂದ ತೊಟ್ಟಿಕ್ಕುವ ಆಯಿಲ್. ಈ ಪಂಚಾಮೃತದ ಮೇಲೆ ಕಾಲಿಟ್ಟಾಗ ಪಾದಕ್ಕೂ ಬಣ್ಣಕ್ಕೂ ನಡುವೆ ತೆಳುವಾದ ಒಂದು ಪದರ ಸಿಕ್ಕಿಹಾಕಿಕೊಳ್ಳುತ್ತದೆ. ಪಾದ ಆಗ ಡೆಕ್ ಮುಟ್ಟಿರುವುದೇ ಇಲ್ಲ, ಆ ಪದರದ ಮೇಲೆ ತೇಲುತ್ತಿರುತ್ತದೆ.

ಆ ಪದರವನ್ನು ಚುಚ್ಚಿಕೊಂಡು ಮೇಲೆ ಬರುವಂಥ ಏನಾದರೂ ನೆಲದಲ್ಲಿ ಇರಬೇಕು. ಎಷ್ಟು ಒರಟು ಬೇಕು? ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ನಡೆದಾಡುವ ನೆಲಗಳಿಗಾಗಿ ಒಂದು ಅಂದಾಜು ಪಟ್ಟಿ ಮಾಡಿದೆ. ಬರೀ ನೀರು ಬೀಳುವ ಜಾಗಕ್ಕೆ ಉಬ್ಬುತಗ್ಗುಗಳ ಎತ್ತರ 20 ಮೈಕ್ರಾನ್ ಇದ್ದರೆ ಸಾಕು. ಸೋಪಿನ ನೀರು ಅಥವಾ ಹಾಲಿಗೆ 45. ಎಂಜಿನ್ ಆಯಿಲ್ ಇದ್ದರೆ 70. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. 70 ಮೈಕ್ರಾನ್ ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ.

'ಕೂದಲೆಳೆಯ ಅಂತರದಲ್ಲಿ ಪಾರು' ಅಂತ ಪೇಪರಿನವರು ಬರೆಯುತ್ತಾರಲ್ಲ, ಇಲ್ಲಿ ಅದು ಅಲಂಕಾರ ಅಲ್ಲ, ಅಳತೆ. ನೀರಿನಲ್ಲಿ ಬಿದ್ದವನಿಗೂ ಬೋಟಿನಲ್ಲಿ ಉಳಿದವನಿಗೂ ನಡುವೆ ಇರುವುದು ನಿಜಕ್ಕೂ ಒಂದು ಕೂದಲೆಳೆ.

ಆ ಕೂದಲೆಳೆಯನ್ನು ಡೆಕ್ಕಿಗೆ ಕೊಡುವುದು ರಾಕೆಟ್ ವಿಜ್ಞಾನ ಅಲ್ಲ. ಉಸುಕು ಸಾಕು. (ನಮ್ಮ ಕಡೆ ಮರಳಿಗೆ ಉಸುಕು ಅಂತಾರೆ, ಬೆಂಗಳೂರಿನವರು ತಿದ್ದಿಕೊಳ್ಳುವುದು ಬೇಡ.) ದುನಿಯಾದಲ್ಲೆಲ್ಲ ದೋಣಿಗಳಿಗೆ ಮಾಡುವ ವಿಧಾನ ಇದೇ. ಮೊದಲು ಸೋಪು ಹಾಕಿ ಎಣ್ಣೆ, ಜಿಡ್ಡು ತೆಗೆದು ಸಿಹಿನೀರಿನಲ್ಲಿ ತೊಳೆಯಬೇಕು. ಹಳೇ ಬಣ್ಣದ ಹೊಳಪು ಹೋಗುವ ಹಾಗೆ ಎಮರಿ ಪೇಪರಿನಿಂದ ಉಜ್ಜಬೇಕು. ಕಬ್ಬಿಣದ ಡೆಕ್ಕಾದರೆ ತುಕ್ಕು ಕೆರೆದು ಪ್ರೈಮರ್ ಹೊಡೆಯಬೇಕು. ಬೋಲ್ಟು, ಮುಚ್ಚಳ, ನೀರು ಹರಿದುಹೋಗುವ ಜಾಗಗಳ ಸುತ್ತ ಎರಡು ಬೆರಳು ಬಿಟ್ಟು ಟೇಪ್ ಅಂಟಿಸಬೇಕು, ಅಲ್ಲಿ ಒರಟಾದರೆ ಕೊಳೆ ಕೂರುತ್ತದೆ. ಆಮೇಲೆ ಡೆಕ್ ಪೇಂಟು ಬಳಿದು, ಅದು ಹಸಿಯಾಗಿರುವಾಗಲೇ ಒಣ ಉಸುಕನ್ನು ಬಣ್ಣ ಕಾಣದಷ್ಟು ಚೆಲ್ಲಬೇಕು. ಸಾರಿಗೆ ಉಪ್ಪು ಹಾಕಿದ ಹಾಗೆ ಅಲ್ಲ, ಕಣದಲ್ಲಿ ಜೋಳ ಹರವಿದ ಹಾಗೆ. ಒಣಗಿದ ಮೇಲೆ ಅಂಟದೆ ಉಳಿದದ್ದನ್ನು ಗುಡಿಸಿ ತೆಗೆದು, ಮೇಲೊಂದು ತೆಳು ಕೋಟು ಹೊಡೆದರೆ ಕಾಳು ಬಿಗಿಯಾಗುತ್ತದೆ. ಮುಗೀತು.

ಎರಡು ಎಚ್ಚರಿಕೆ. ಒಂದು, ಬೋಟು ನಿಂತಿರುವುದು ಸಮುದ್ರದ ದಂಡೆಯಲ್ಲೇ ಅಂತ ಅಲ್ಲಿನ ಮರಳನ್ನೇ ಎತ್ತಿ ಚೆಲ್ಲಬಾರದು. ಅದರಲ್ಲಿರುವ ಉಪ್ಪು ಬಣ್ಣದ ಕೆಳಗೆ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ತೊಳೆದು, ಒಣಗಿಸಿ, ಜರಡಿ ಹಿಡಿದ ಉಸುಕು ಬೇಕು. ಎರಡು, ಕೊನೆಯ ಕೋಟು ದಪ್ಪ ಆಗಬಾರದು. ದಪ್ಪವಾದರೆ ಉಸುಕು ಮುಳುಗಿ ಮತ್ತೆ ಕನ್ನಡಿಯೇ.

ಈ ಎರಡನೆಯದರಲ್ಲಿ ಇನ್ನೊಂದು ಸಂಗತಿ ಅಡಗಿದೆ. ಫೈಬರ್ ದೋಣಿಗಳ ಡೆಕ್ಕಿನಲ್ಲಿ ಎಷ್ಟೋ ಸಲ ಅಚ್ಚಿನಲ್ಲೇ ಚೌಕಳಿ ಗೀರು ಬಂದಿರುತ್ತದೆ. ಕಬ್ಬಿಣದಲ್ಲಿ ಉಬ್ಬುಗೆರೆಯ ಚೆಕರ್ಡ್ ಪ್ಲೇಟ್ ಇರುತ್ತದೆ. "ನಮ್ಮದರಲ್ಲಿ ಮೊದಲೇ ಇದೆಯಲ್ಲ ಸಾರ್" ಅನ್ನುತ್ತಾರೆ. ಇದೆ. ಅದರ ಮೇಲೆ ವರ್ಷ ವರ್ಷ ಹೊಳಪಿನ ಆಯಿಲ್ ಪೇಂಟು ಬಳಿದು ಬಳಿದು ಆ ಗೀರು ತುಂಬುತ್ತ ಬರುತ್ತದೆ, ಉಬ್ಬಿನ ನೆತ್ತಿ ನುಣುಪಾಗುತ್ತದೆ. ಅಂದರೆ ಪ್ರತಿ ಜುಲೈನಲ್ಲೂ ದುರಸ್ತಿಯ ಹೆಸರಿನಲ್ಲಿ ಡೆಕ್ಕನ್ನು ಒಂದೊಂದು ಪದರ ಹೆಚ್ಚು ಅಪಾಯಕಾರಿ ಮಾಡುತ್ತಿದ್ದೇವೆ. ನಮ್ಮ ಆಫೀಸುಗಳಲ್ಲೂ ಹೀಗೆ ಹೊಸ ವರ್ಷನ್ ಬರುವುದುಂಟು, ಬಿಡಿ.

ಈಗ ಎದುರು ವಾದಗಳು. ನಾನು ಕೇಳಿದವು ಐದು.

"ಬಲೆ ಸವೀತದೆ." ಇದು ನಿಜವಾದ ವಾದ, ಗೌರವ ಕೊಡಬೇಕಾದ ವಾದ. ಒರಟು ನೆಲದ ಮೇಲೆ ಬಲೆ, ಹಗ್ಗ ಎಳೆದರೆ ಸವೆಯುತ್ತದೆ, ಬಲೆಗೆ ಸುರಿದ ದುಡ್ಡು ಸಣ್ಣದಲ್ಲ. ಆದರೆ ಇಡೀ ಡೆಕ್ಕಿಗೆ ಉಸುಕು ಹಾಕಿ ಅಂತ ಯಾರು ಹೇಳಿದರು? ಬಲೆ ಜಾರುವ ದಾರಿ ನುಣುಪಾಗಿರಲಿ. ಮನುಷ್ಯ ನಿಲ್ಲುವ ಜಾಗ ಒರಟಾಗಲಿ. ವಿಂಚಿನ ಎಡಬಲ, ಅಂಚಿನ ಉದ್ದಕ್ಕೂ ನಡೆಯುವ ದಾರಿ, ಏಣಿಯ ಬುಡ, ಎಂಜಿನ್ ರೂಮಿನ ಬಾಗಿಲು, ಮೀನು ಇಳಿಸುವ ಬಾಯಿಯ ಸುತ್ತ. ಇಷ್ಟೇ. ಬಲೆಗೆ ಒಂದು ದಾರಿ ಬಿಡುವ ನಾವು ಮನುಷ್ಯನಿಗೆ ನಿಲ್ಲುವುದಕ್ಕೆ ಜಾಗ ಕೊಡಬಾರದೇ?

"ತೊಳೆಯೋದು ಕಷ್ಟ." ಸ್ವಲ್ಪ ಕಷ್ಟವೇ. ಗಟ್ಟಿ ಬ್ರಷ್ ಹಿಡಿದು ಹತ್ತು ನಿಮಿಷ ಹೆಚ್ಚು ತಿಕ್ಕಬೇಕು. ತಿಕ್ಕುವವನು ಆ ಕಲಾಸಿಯೇ ತಾನೇ, ಅವನನ್ನೇ ಕೇಳಿ ನೋಡಿ. ಹತ್ತು ನಿಮಿಷ ಹೆಚ್ಚು ತಿಕ್ಕುತ್ತೀಯೋ, ಜಾರಿ ಬೀಳುತ್ತೀಯೋ ಅಂತ.

"ಬರಿಗಾಲು ತರಚುತ್ತದೆ." ಚೂಪು ಕಾಳು ಹಾಕಿದರೆ ತರಚುತ್ತದೆ. ದುಂಡು ಕಾಳಿನ ಸಣ್ಣ ಉಸುಕು ಹಾಕಿ. ವಿಮಾನವಾಹಕ ನೌಕೆಗಳ ಡೆಕ್ಕಿಗೆ ಎಪಾಕ್ಸಿಯಲ್ಲಿ ಅಲ್ಯೂಮಿನಿಯಂ ಆಕ್ಸೈಡಿನಂಥ ಗಡಸು ಪುಡಿ ಸೇರಿಸಿ ಹಾಕುತ್ತಾರೆ, ವಿಮಾನದ ಗಾಲಿಯೇ ಜಾರಬಾರದು ಅಂತ. ನಮಗೆ ಅಷ್ಟೆಲ್ಲ ಬೇಡ. ನಮ್ಮದೇ ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್ ವಿಕ್ರಮಾದಿತ್ಯದಂಥ ಹಡಗು ನಿಲ್ಲುತ್ತದೆ. ಅದೇ ಕರಾವಳಿಯಲ್ಲಿ ಬಡವನ ಕಾಲಿಗೆ ಒಂದು ಹಿಡಿ ಉಸುಕು ಇಲ್ಲ ಅಂದರೆ ಹೇಗೆ?

"ಖರ್ಚು." ಬಣ್ಣ ಹೇಗೂ ಬಳಿಯುತ್ತೀರಿ. ಒರಟು ನೆಲ ಸ್ವಲ್ಪ ಹೆಚ್ಚು ಬಣ್ಣ ಕುಡಿಯುತ್ತದೆ, ಒಂದು ದಿನದ ಕೂಲಿ ಹೆಚ್ಚಾಗಬಹುದು, ಒಪ್ಪಿದೆ. ಆದರೆ ಅಂದಾಜು ಮಾಡುವಾಗ ಇನ್ನೊಂದು ಸಂಖ್ಯೆಯನ್ನೂ ಪಕ್ಕದಲ್ಲಿಡಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಮೀನುಗಾರರಿಗೆ ಅಪಘಾತ ವಿಮೆ ಇಟ್ಟರು. ಸತ್ತರೆ ಅಥವಾ ಪೂರ್ತಿ ಅಂಗವಿಕಲನಾದರೆ 5 ಲಕ್ಷ, ಭಾಗಶಃ ಆದರೆ ಎರಡೂವರೆ ಲಕ್ಷ, ಆಸ್ಪತ್ರೆ ಖರ್ಚಿಗೆ 25,000. ಒಳ್ಳೆಯದೇ. ಆದರೆ ಬಿದ್ದ ಮೇಲಿನ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಹಾಕುವವರು ಬೀಳದ ಹಾಗೆ ಮಾಡುವ ಲೆಕ್ಕವನ್ನೂ ಒಮ್ಮೆ ಹಾಕಬಹುದಿತ್ತು.

ಕಡೆಯದು, ನನಗೆ ಮೈ ಉರಿಯುವ ವಾದ: "ರೂಢಿ ಆಗ್ತದೆ." ರೂಢಿ ಆಗುವುದು ಬದುಕಿ ಉಳಿದವನಿಗೆ. ಬಿದ್ದು ಹೋದವನಿಗೆ ರೂಢಿ ಆಯಿತೇ ಇಲ್ಲವೇ ಅಂತ ಯಾರಿಗೂ ಗೊತ್ತಾಗುವುದಿಲ್ಲ. 'ನಾವೆಲ್ಲ ಹೀಗೇ ಕಲಿತದ್ದು' ಅನ್ನುವ ಹಳಬರ ಹೆಮ್ಮೆಯಲ್ಲಿ ಕಲಿಯುವುದಕ್ಕೇ ಉಳಿಯದವರ ಲೆಕ್ಕ ಬಿಟ್ಟುಹೋಗಿರುತ್ತದೆ.

ಕಾನೂನು ಏನನ್ನುತ್ತದೆ ಅಂತ ಕೆಲವರು ಕೇಳಬಹುದು. 1977ರಲ್ಲಿ ಸ್ಪೇನಿನ ಟೊರೆಮೊಲಿನೋಸ್‌ನಲ್ಲಿ ಮೀನುಗಾರಿಕಾ ಹಡಗುಗಳ ಸುರಕ್ಷತೆಗೆಂದೇ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಡೆಕ್ ಜಾರದಂತಿರಬೇಕು, ಅದರಲ್ಲೂ ವಿಂಚಿನ ಬಳಿ, ಮೀನು ವಿಂಗಡಿಸುವಲ್ಲಿ, ಏಣಿಯ ಮೇಲೆ ಕೆಳಗೆ, ಬಾಗಿಲ ಮುಂದೆ ಜಾರದ ಮೇಲ್ಮೈ ಬೇಕು ಅಂತ ಅದರಲ್ಲಿ ಬರೆದಿದ್ದರು. ಅಂದರೆ ಎಲ್ಲೆಲ್ಲಿ ಉಸುಕು ಬೇಕು ಅಂತ ಮೇಲೆ ನಾನು ಹೇಳಿದ ಪಟ್ಟಿ ನನ್ನ ತಲೆಯಿಂದ ಹುಟ್ಟಿದ್ದೇನಲ್ಲ. ಆದರೆ ಅದು 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗುಗಳಿಗೆ, ನಮ್ಮ ಬೋಟುಗಳಲ್ಲಿ ಬಹುತೇಕ ಅದಕ್ಕಿಂತ ಚಿಕ್ಕವು. ಮೇಲಾಗಿ ಸಾಕಷ್ಟು ದೇಶಗಳು ಒಪ್ಪದೆ 1977ರ ಆ ಒಪ್ಪಂದ ಜಾರಿಗೇ ಬರಲಿಲ್ಲ. ನಮ್ಮ ಭಾಷೆ ನೋಡಿ ಎಷ್ಟು ಚುರುಕು. ನಿಯಮ ಜಾರಿಯಾಗದೆ ಹೋದರೆ ಮನುಷ್ಯ ಜಾರುತ್ತಾನೆ.

ಸಮುದ್ರ ಕಾಣದ ಓದುಗರು ಇದು ನಮಗಲ್ಲ ಅಂತ ಎದ್ದು ಹೋಗಬೇಡಿ. ಇದೇ ರೋಗ ನಮ್ಮೂರಿನ ಮನೆಗಳಿಗೂ ಬಂದಿದೆ. ಸೆಗಣಿ ಸಾರಿಸಿದ ನೆಲ ಇತ್ತು, ಆಮೇಲೆ ಶಹಾಬಾದ್ ಫರಸಿ ಬಂತು. ಪಾಲಿಶ್ ಮಾಡದ ಆ ಕಲ್ಲು ಒದ್ದೆಯಾದರೂ ಕಾಲು ಹಿಡಿಯುತ್ತಿತ್ತು. ಈಗ ಬಚ್ಚಲಿಗೂ ಮಿರಿಮಿರಿ ಟೈಲ್ಸು, ಹೊರಗಿನ ಮೆಟ್ಟಿಲಿಗೂ ಪಾಲಿಶ್ ಗ್ರಾನೈಟು. ಎಪ್ಪತ್ತು ದಾಟಿದ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರೆ "ವಯಸ್ಸಾತಲ್ರೀ, ಕಾಲ ಜಾರ್‍ತು" ಅಂತೀವಿ. ಮತ್ತೆ ಅದೇ ವ್ಯಾಕರಣ! ವಯಸ್ಸು ಹಿಂದಿನ ದಿನವೂ ಅಷ್ಟೇ ಇತ್ತಲ್ಲ. ಟೈಲ್ಸು ಆರಿಸುವ ದಿನ ಅಂಗಡಿಗೆ ಹೋದವರು ಮಗ, ಸೊಸೆ, ಮೇಸ್ತ್ರಿ. ಅಜ್ಜಿಯನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ. ಬೋಟಿನ ಕಥೆಯೂ ಇದೇ, ಬಚ್ಚಲಿನ ಕಥೆಯೂ ಇದೇ. ನಿಲ್ಲುವವರನ್ನು ಕೇಳದೆ ನೋಡುವವರಿಗಾಗಿ ಮಾಡಿದ ನೆಲ.

ಹಾಗಾದರೆ ಯಾರು ಏನು ಮಾಡಬೇಕು? ಮಾಲೀಕರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಬರುವ ನಿಷೇಧದ ಎರಡು ತಿಂಗಳಲ್ಲಿ ಡೆಕ್ಕಿಗೆ ಬಣ್ಣದ ಡಬ್ಬ ಒಡೆಯುವ ಮುಂಚೆ ಊರಿಗೆ ಹೋಗಿರುವ ನಿಮ್ಮ ಕಲಾಸಿಗಳಿಗೆ ಒಂದು ಫೋನ್ ಮಾಡಿ. ಹೋದ ವರ್ಷ ಎಲ್ಲೆಲ್ಲಿ ಬಿದ್ದಿರಿ ಅಂತ ಕೇಳಿ. ಅವರು ಹೇಳಿದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿ ಉಸುಕು ಚೆಲ್ಲಿ. ಯಾವ ಇಂಜಿನಿಯರನ ನಕ್ಷೆಯೂ ಅದಕ್ಕಿಂತ ಚೆನ್ನಾಗಿರುವುದಿಲ್ಲ. ಅನುದಾನ, ಸಬ್ಸಿಡಿ ಕೊಡುವವರು ಬೋಟು ನೋಡಲು ಬಂದಾಗ ಲೈಫ್ ಜಾಕೆಟ್ ಎಣಿಸುತ್ತಾರಲ್ಲ, ಹಾಗೇ ಡೆಕ್ ಮೇಲೆ ಒಂದು ಬಕೆಟ್ ನೀರು ಸುರಿದು ನಡೆದು ನೋಡಲಿ. ಲೈಫ್ ಜಾಕೆಟ್ ಬೇಕು, ಖಂಡಿತ ಬೇಕು, ಆದರೆ ಅದು ಬಿದ್ದ ಮೇಲಿನ ಮಾತು.

ಇನ್ನು ನಾವು, ಬರೆಯುವ ಜನ. ಕಥೆ, ಕವನ, ಸಿನಿಮಾ ವಿಮರ್ಶೆಯ ನಡುವೆ ಇಂಥ ವಿಷಯಕ್ಕೂ ಒಂದಿಷ್ಟು ಜಾಗ ಇರಲಿ. ನಿಮ್ಮಲ್ಲಿ ಪತ್ರಿಕೆಗಳಲ್ಲಿ ಕೆಲಸ ಮಾಡುವವರು ಹಲವರಿದ್ದೀರಿ. ಮುಂದಿನ ಸಲ ಆ ಮೂರು ಸಾಲಿನ ಸುದ್ದಿ ನಿಮ್ಮ ಟೇಬಲ್ಲಿಗೆ ಬಂದಾಗ 'ಆಕಸ್ಮಿಕವಾಗಿ' ಅನ್ನುವ ಪದವನ್ನು ಅಳಿಸಿಬಿಡಿ. 'ಡೆಕ್ ನುಣುಪಾಗಿತ್ತೇ?' ಅಂತ ವರದಿಗಾರನಿಗೆ ಒಂದು ಪ್ರಶ್ನೆ ವಾಪಸ್ ಕಳಿಸಿ. ಹತ್ತು ಸಲ ಕೇಳಿದರೆ ಹನ್ನೊಂದನೆಯ ಸಲ ಠಾಣೆಯವರೂ ಅದನ್ನು ಬರೆದುಕೊಳ್ಳುತ್ತಾರೆ. ಠಾಣೆಯವರು ಬರೆದುಕೊಂಡರೆ ಮಾಲೀಕರು ಉಸುಕು ತರಿಸುತ್ತಾರೆ.

ಕರಾವಳಿಯ ಗೆಳೆಯರಲ್ಲಿ ಒಂದು ವಿನಂತಿ. ನಿಮ್ಮ ಕಡೆ ಯಾವುದಾದರೂ ಬೋಟಿನಲ್ಲಿ ಇದನ್ನು ಮಾಡಿದ್ದರೆ, ಎಷ್ಟು ವರ್ಷ ಬಾಳಿತು, ಬಲೆಗೆ ಏನಾಯಿತು, ಕಲಾಸಿಗಳು ಏನಂದರು ಅಂತ ಬರೆಯಿರಿ. ಮಾಡಿ ನೋಡಿ ಬಿಟ್ಟವರಿದ್ದರೆ ಅದನ್ನೂ ಬರೆಯಿರಿ, ಯಾಕೆ ಬಿಟ್ಟರು ಅಂತ ತಿಳಿಯಬೇಕು. ನಾನು ಬಯಲುಸೀಮೆಯವನು, ಜಗಳ ಆಡಿದರೆ ಬೇಜಾರಿಲ್ಲ. 'ಅಯ್ಯೋ ಪಾಪ, ಕಾಲು ಜಾರಿತು' ಅಂತ ಮಾತ್ರ ಬರೆಯಬೇಡಿ.